ಗಣಿ ಮುಚ್ಚುದ್ರೆ ಧೂಳು ನಿಂತದಾ?

ನಮ್ಮ ದೇವನೂರಲ್ಲಿ ಗಣಿ ಗಿಣಿ ಏನೂ ಇಲ್ಲ ಕನ್ರವ್ವ. ನಮ್ಮ ನಾದ್ನಿ ಮಗಳನ್ನ ಕೆಜಿಎಫ್‌ಗೆ ಕೊಟ್ಟದೆ, ಅದಕ್ಕೇ ಈ ಮಾತು. ಹೋದ ಬೇಸ್ಗೇಲಿ ಕೂಸು ನೋಡ್ಕಂಡು ಬರವ ಅಂತ ಹೋಗಿದ್ದೆ. ಬೆಳಿಗ್ಗೆ ಗುಡಿಸಿ ಒರೆಸಿದ ನೆಲದ ಮೇಲೆ ಮಧ್ಯಾಹ್ನಕ್ಕೆಲ್ಲ ನುಣ್ಣಗೆ ಧೂಳು. ಗಣಿ 2001ರ ಫೆಬ್ರವರಿ 28ಕ್ಕೇ ಮುಚ್ತು, ಚಿನ್ನ ತೆಗೆದು ಸುರಿದ ಪುಡಿ ಮಾತ್ರ ಗುಡ್ಡಗುಡ್ಡವಾಗಿ ಅಲ್ಲೇ ಅದೆ. ಸೈನೈಡ್ ದಿಬ್ಬ ಅಂತಾರೆ. ಕೂಸು ಆ ನೆಲದ ಮೇಲೇ ಅಂಬೆಗಾಲಿಟ್ಟು, ಅದೇ ಕೈಯ ಬಾಯಿಗಿಡ್ತಿತ್ತು.

"ಇದರ ರಕ್ತ ಯಾರಾದ್ರೂ ನೋಡವ್ರಾ?" ಅಂದೆ.

"ಯಾಕತ್ತೆ, ಚೆನ್ನಾಗೇ ಅದಲ್ಲ" ಅಂದ್ಳು.

ಮೋಸ ಇರೋದೇ ಅಲ್ಲಿ. ಸೀಸದಂಥದ್ದು ಹೊಟ್ಟೆಗೆ ಹೋದ್ರೆ ಮಗು ಜ್ವರ ಬಂದು ಮಲಗಲ್ಲ. ಅದು ಕ್ಯಾಲ್ಸಿಯಂ ಥರವೇ ಮೂಳೆ ಸೇರ್ಕತದೆ, ಬುದ್ಧಿ ಮಂಕು ಮಾಡ್ತದೆ. ಆಮೇಲೆ ನಾವು ದಡ್ಡಮುಂಡೇದು ಅಂತ ಬೈತೀವಿ. ಆಫ್ರಿಕಾದ ಜಾಂಬಿಯಾದಲ್ಲಿ ಕಾಬ್ವೆ ಅಂತ ಊರು. ಅಲ್ಲಿನ ಸೀಸದ ಗಣಿ 1994ರಲ್ಲೇ ಮುಚ್ಚಿದ್ರೂ, ಎಷ್ಟೋ ವರ್ಷ ಆದ್ಮೇಲೆ ಹುಟ್ಟಿದ ಮಕ್ಕಳ ರಕ್ತದಲ್ಲೂ ಸೀಸ ಸಿಕ್ತು. ಅಳೆದದ್ದಕ್ಕೆ ಗೊತ್ತಾಯ್ತು.

ಅಳೆಯೋದೇನು ಬ್ರಹ್ಮವಿದ್ಯೆ ಅಲ್ಲ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ. ಮೊದಲು ಸೋಪಾಕಿ ಕೈ ತೊಳೀಬೇಕು, ಇಲ್ಲಾಂದ್ರೆ ಬೆರಳ ಮೇಲಿನ ಧೂಳೂ ಲೆಕ್ಕಕ್ಕೆ ಸೇರ್ತದೆ. ಜಾಸ್ತಿ ಬಂದ್ರೆ ನರದಿಂದ ತೆಗೆದು ಇನ್ನೊಂದ್ಸಲ ನೋಡ್ತಾರೆ. ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟುದ್ರೆ ಜೋಪಾನ ಅಂತಿದ್ದ ಅಮೆರಿಕದೋರು 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸುದ್ರು. ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ಇದೇ ಸೀಸದ ಹಿಂದೆ ಬಿದ್ದು ಕೆಲಸ ಮಾಡಿದೋರು. ಅಂದ್ಮೇಲೆ ದೂರ ಏನಿಲ್ಲ.

ದಿಬ್ಬದ ಮಣ್ಣು ಡಬ್ಬೀಲಿ ತುಂಬ್ಕಂಡು ಹೋದ್ರೆ ಸಾಲ್ದು, ಮನೆ ಒಳಕ್ಕೂ ಬರಬೇಕು. ಕಿಟಕಿ ಚೌಕಟ್ಟು, ಹಾಸಿಗೆ, ನೆಲ ನೋಡ್ಬೇಕು. ಯಾವ ಗಾಳೀಲಿ ಧೂಳು ಜಾಸ್ತಿ ಅಂತ ದಿನಾ ಗುಡಿಸೋಳಿಗೆ ಗೊತ್ತು, ಅವಳ್ನ ಕೇಳ್ಬೇಕು. ಅಂಗನವಾಡೀಲಿ ಕೂಸಿನ ತೂಕ ಬರೀತಾರಲ್ಲ, ಆ ಕಾರ್ಡಲ್ಲೇ ಸೀಸಕ್ಕೂ ಒಂದು ಗೆರೆ ಹಾಕ್ಲಿ. ಕನ್ನಡದಲ್ಲೂ ಬರೀಲಿ, ತಮಿಳಲ್ಲೂ ಬರೀಲಿ, ಅಲ್ಲಿ ತಮಿಳು ಮಾತಾಡೋ ತಾಯೇರೇ ಜಾಸ್ತಿ.

ಒಣ ಪೊರಕೆ ಬ್ಯಾಡ ಕನವ್ವ, ಒದ್ದೆ ಬಟ್ಟೇಲಿ ಒರೆಸು ಅಂತ ಹೇಳ್ಬುಟ್ಟು ಬಂದೆ. ಮೊನ್ನೆ ಫೋನ್ ಮಾಡಿದ್ಲು. "ಒರೆಸ್ತಾ ಇವ್ನಿ ಅತ್ತೆ. ರಕ್ತದ ವಿಚಾರ ಕೇಳುದ್ರೆ, ಇಲ್ಲಿ ತೂಕ ಮಾತ್ರ ನೋಡದು ಅಂದ್ರು."