ಮೋಟಾರು ವಿಚಾರ: ಕೈ ಬದಲಾದ ಬಂಡಿ, ಬದಲಾಗದ ಹೆಸರು

ಅರಸೀಕೆರೆಯ ಗೃಹಸ್ಥರೊಬ್ಬರು, ತೆಂಗಿನ ಫಸಲಿನ ಹಣ ಕೈಗೆ ಬಂದಿರುವುದರಿಂದ ಮನೆಗೊಂದು ಹಳೆಯ ಕಾರನ್ನು ಕೊಳ್ಳಬೇಕೆಂದಿರುವುದಾಗಿಯೂ, ಮೋಸಹೋಗದಿರುವ ಬಗೆಯನ್ನು ತಿಳಿಸಬೇಕೆಂದೂ ನಮಗೆ ಬರೆದಿದ್ದಾರೆ. ಹಳೆಯ ಬಂಡಿಯೆಂದರೆ ಬಡವನ ಬಂಡಿಯೆಂದು ಹೀಗಳೆಯುವವರುಂಟು. ನಮ್ಮ ಅಭಿಪ್ರಾಯ ಹಾಗಲ್ಲ. ಒಳ್ಳೆಯ ಕೈಯಲ್ಲಿ ಪಳಗಿದ ಹಳೆಯ ಕಾರು ಒರಟು ಕೈಗೆ ಸಿಕ್ಕಿದ ಹೊಸ ಕಾರಿಗಿಂತ ಎಷ್ಟೋ ಮೇಲು. ಕೊಳ್ಳುವವನು ನಿಜವಾಗಿ ಕೊಳ್ಳುವುದು ಹಿಂದಿನ ಯಜಮಾನನ ಅಭ್ಯಾಸಗಳನ್ನು.

ಆ ಅಭ್ಯಾಸಗಳನ್ನು ಓದುವುದು ಕಷ್ಟವಲ್ಲ. ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. "ನೀವು ಬರುವಿರೆಂದು ಆಗಲೇ ಚಾಲೂ ಮಾಡಿಟ್ಟಿದ್ದೇನೆ" ಎನ್ನುವವನಿಗೆ ನಮಸ್ಕಾರ ಹೇಳಿ ಇನ್ನೊಂದು ದಿನ ಬರುವುದು ಲೇಸು. ಹೊಗೆ ನೀಲಿಯಾಗಿದ್ದರೆ ಎಂಜಿನ್ನಿನಲ್ಲಿ ಎಣ್ಣೆ ಉರಿಯುತ್ತಿದೆ. ಎಣ್ಣೆಯ ಮುಚ್ಚಳದ ಒಳಮೈಯಲ್ಲಿ ಮಜ್ಜಿಗೆಯಂತಹ ಲೇಪ ಕಂಡರೆ ನೀರು ಸೇರಿರುವ ಸಂಭವವುಂಟು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದರ ಜಾತಕವೇ ಸರಿ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದರ್ಥ. ಮೀಟರು 30,000 ಕಿಲೋಮೀಟರೆಂದು ಹೇಳುತ್ತಿರುವಾಗ ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ಮೀಟರನ್ನು ಬಿಟ್ಟು ರಬ್ಬರನ್ನು ನಂಬತಕ್ಕದ್ದು. ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸಾಲದು. ಬಾಣಾವರ, ಜಾವಗಲ್ಲುಗಳ ಮೇಲೆ ಹಳೇಬೀಡಿಗೆ ಹೋಗಿ, ಅಲ್ಲಿಂದ 16 ಕಿಲೋಮೀಟರ್ ಮುಂದಿನ ಬೇಲೂರನ್ನು ಮುಟ್ಟಿ ಬಂದರೆ ಬಂಡಿಯ ಗುಣಾವಗುಣಗಳು ತಾವಾಗಿಯೇ ಹೊರಬೀಳುವುವು.

ಇಷ್ಟನ್ನೆಲ್ಲಾ ಬಲ್ಲ ನಾವೇ ಒಮ್ಮೆ ಬೆಪ್ಪಾದ ಸಂಗತಿಯನ್ನು ಈಗ ಹೇಳಬೇಕಾಗಿದೆ. ಆದರೆ ಅದು ಕೊಳ್ಳುವಾಗಲಲ್ಲ, ಮಾರುವಾಗ.

ಕೆಲವು ವರ್ಷಗಳ ಹಿಂದೆ ನಮ್ಮ ಮಾರುತಿ 800 ಕಾರನ್ನು ಹಳೇಬೀಡಿನ ಪರಿಚಿತರೊಬ್ಬರಿಗೆ ಕೊಟ್ಟೆವು. ಹಣ ಬಂತು, ಬೀಗದ ಕೈ ಹೋಯಿತು. ಹೆಸರು ಬದಲಾಯಿಸುವ ಕಾಗದಗಳಿಗೆ ರುಜು ಹಾಕಿ, "ಉಳಿದದ್ದನ್ನು ನೀವೇ ನೋಡಿಕೊಳ್ಳಿ" ಎಂದೆವು. ಅವರು ನೋಡಿಕೊಳ್ಳಲಿಲ್ಲ, ಬೇಲೂರಿನ ಕಡೆಯ ಇನ್ನೊಬ್ಬರಿಗೆ ಅದನ್ನು ಮಾರಿದರು. ವಿಮೆಯ ಅವಧಿ ತೀರಿತು. ಯಾರೂ ಅದನ್ನು ನವೀಕರಿಸಲಿಲ್ಲ. ಐದು ತಿಂಗಳ ಮೇಲೆ ನಮ್ಮ ಮನೆಗೆ ನ್ಯಾಯಾಲಯದ ನೋಟೀಸು ಬಂತು. ಕೆರೆಯ ಏರಿಯ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಕೂಲಿಯವರೊಬ್ಬರಿಗೆ ಆ ಕಾರು ಬಡಿದು ಅವರ ಕಾಲು ಮುರಿದಿತ್ತು.

ನಮಗೆ ಮೊದಲು ಬಂದುದು ಕೋಪವೇ. ಓಡಿಸಿದವನೊಬ್ಬ, ದಂಡ ತೆರುವವನೊಬ್ಬನೇ ಎಂದು ವಕೀಲರಲ್ಲಿ ವಾದಿಸಿದೆವು. ಅವರು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪನ್ನು ತೋರಿಸಿದರು. ಅಲ್ಲಿಯೂ ಕಾರು ಕೈಯಿಂದ ಕೈಗೆ ಹೋಗಿತ್ತು. ದಾಖಲೆಯಲ್ಲಿ ಮಾತ್ರ ಮೊದಲಿನವನ ಹೆಸರೇ ನಿಂತಿತ್ತು. ದಾಖಲೆಯಲ್ಲಿ ಹೆಸರಿರುವವನೇ ಯಜಮಾನ, ಪರಿಹಾರದ ಹೊಣೆಯೂ ಅವನದೇ ಎಂದು ನ್ಯಾಯಾಲಯವು ನಿರ್ಣಯಿಸಿತು.

ಅನಂತರ ಆ ಗಾಯಾಳುವನ್ನು ನೋಡಲು ಹೋದೆವು. ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಅವರ ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟು, "ಸ್ವಾಮಿ, ಕಾರು ಯಾರದ್ದೆಂದು ಕೇಳಿದರೆ ಒಬ್ಬೊಬ್ಬರೂ ಇನ್ನೊಬ್ಬರನ್ನು ತೋರಿಸುತ್ತಾರೆ. ನಾವು ಯಾರ ಮನೆಗೆ ಹೋಗಬೇಕು?" ಎಂದರು. ನಮ್ಮ ವಾದವೆಲ್ಲ ಅಲ್ಲಿಗೆ ಮುಗಿಯಿತು. ಪೆಟ್ಟು ತಿಂದವರು ಊರೂರು ಅಲೆದು ಯಜಮಾನನನ್ನು ಹುಡುಕುವಂತಾಗಬಾರದೆಂಬುದೇ ಆ ನಿಯಮದ ತಿರುಳೆಂದು ತಿಳಿಯಿತು. ಪರಿಹಾರದ ಹಣವನ್ನು ಕಟ್ಟಿದೆವು. ಕಾರಿಗೆ ಬಂದುದಕ್ಕಿಂತ ಬಹಳ ಹೆಚ್ಚಾಗಿತ್ತು.

ಆದುದರಿಂದ ಮಾರುವವರೂ ಕೊಳ್ಳುವವರೂ ಇಷ್ಟನ್ನು ಮರೆಯಬಾರದು. 1988ರ ಮೋಟಾರು ವಾಹನಗಳ ಕಾಯಿದೆಯ ಮೇರೆಗೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೂ ಕೊಂಡವನು 30 ದಿನಗಳೊಳಗೂ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು. ಅದಕ್ಕೆ 29 ಮತ್ತು 30ನೆಯ ನಮೂನೆಗಳುಂಟು. ಬಂಡಿಯ ಮೇಲೆ ಸಾಲವಿದ್ದಿದ್ದರೆ ಅದು ತೀರಿದುದಕ್ಕೆ 35ನೆಯ ನಮೂನೆಯನ್ನು ಕೇಳಿ ಪಡೆಯಬೇಕು. ವಿಮೆಯನ್ನು ಒಂದು ದಿನವೂ ಬರಿದಾಗಿ ಬಿಡಬಾರದು. ಹೊಸ ಹೆಸರಿನ ದಾಖಲೆಯನ್ನು ಕಣ್ಣಾರೆ ಕಾಣುವವರೆಗೆ ಮಾರಾಟ ಮುಗಿಯಿತೆಂದು ಎಣಿಸಲಾಗದು.

ಬೇಲೂರಿನ ಗುಡಿಯಲ್ಲಿ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಹೆಸರಿದ್ದಲ್ಲಿ ಕೀರ್ತಿಯಿರುವಂತೆ ಹೊಣೆಯೂ ಇರುವುದು. ಅರಸೀಕೆರೆಯ ಮಿತ್ರರು ಒಳ್ಳೆಯ ಬಂಡಿಯನ್ನೇ ಆರಿಸಿಕೊಳ್ಳಲಿ. ಆದರೆ ಚಕ್ರದ ಕೆಳಗೆ ನಿಂಬೆಹಣ್ಣನ್ನಿಡುವುದಕ್ಕೆ ಮುಂಚೆ ಹೆಸರನ್ನು ಬದಲಾಯಿಸಿಕೊಳ್ಳಲಿ. ಮಾರಿದವರ ಮನೆಯವರೂ ಆ ರಾತ್ರಿ ನೆಮ್ಮದಿಯಾಗಿ ನಿದ್ರಿಸುವರು.