ಕೂಲಿಯಿಲ್ಲದ ದುಡಿಮೆ

ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ಹಾದಿಯಲ್ಲಿ ಬಡವನಹಳ್ಳಿ ಎಂಬುದೊಂದು ಊರು. ಸುತ್ತಲೂ ಮಳೆಯನ್ನೇ ನಂಬಿದ ಸೀಮೆ. ಬೇಸಗೆಯ ನಡುಹಗಲಿನಲ್ಲಿ ಆ ದಾರಿ ನಡೆದವನಿಗೆ ಮರದ ನೆರಳಿನ ಬೆಲೆಯನ್ನು ಯಾರೂ ತಿಳಿಹೇಳಬೇಕಾಗಿಲ್ಲ. ಆದರೆ ನೆರಳಿನಲ್ಲಿ ಕುಳಿತು ಬೆವರೊರೆಸಿಕೊಳ್ಳುವವರಲ್ಲಿ, ಈ ಮರವನ್ನು ನೆಟ್ಟವರು ಏಕೆ ನೆಟ್ಟರೆಂದು ಕೇಳುವವರು ವಿರಳ.

ಮನುಷ್ಯನು ದುಡಿಯುವುದು ಏತಕ್ಕೆ? ಹೊಟ್ಟೆಗಾಗಿ, ಹಣಕ್ಕಾಗಿ, ಹೆಸರಿಗಾಗಿ ಎಂಬುದು ಸುಲಭದ ಉತ್ತರ. ಈ ಉತ್ತರಕ್ಕೆ ಒಗ್ಗದ ಬಾಳೊಂದು ಇದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಮೊದಲಾಯಿತು. ಅಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಬಂದ ತಿಮ್ಮಕ್ಕ ಓದುಬರಹವಿಲ್ಲದ ಕೂಲಿಯ ಹೆಣ್ಣುಮಗಳು. ಮದುವೆಯಾಗಿ ಎಷ್ಟೋ ವರ್ಷ ಕಳೆದರೂ ಮಡಿಲು ತುಂಬಲಿಲ್ಲ. ಬಂಜೆಯೆಂಬ ಮಾತು ಹೆಣ್ಣಿನ ಎದೆಯನ್ನು ಹೇಗೆ ಇರಿಯುವುದೆಂಬುದನ್ನು ಎಲ್ಲರೂ ಬಲ್ಲರು. ಆ ದುಃಖವನ್ನು ಆಕೆಯೂ ಪತಿ ಚಿಕ್ಕಯ್ಯನವರೂ ದಾರಿಬದಿಯ ಮಣ್ಣಿಗೆ ತಂದು ನೆಟ್ಟರು. ಮೊದಲ ವರ್ಷ 10 ಆಲದ ಸಸಿ, ಮರುವರ್ಷ 15, ಮೂರನೆಯ ವರ್ಷ 20. ಕೊಡಗಳಲ್ಲಿ ನೀರು ಹೊತ್ತು ಎರೆದರು. ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಹುಲಿಕಲ್ಲಿಗೂ ಕುದೂರಿಗೂ ನಡುವೆ ಸುಮಾರು 4 ಕಿಲೋಮೀಟರಿನ ಉದ್ದಕ್ಕೆ 385 ಮರಗಳ ಸಾಲು ಎದ್ದು ನಿಂತಿತು. ಚಿಕ್ಕಯ್ಯನವರು 1991ರಲ್ಲಿಯೇ ತೀರಿಕೊಂಡರು. ತಿಮ್ಮಕ್ಕನವರಿಗೆ ಪದ್ಮಶ್ರೀ ಬಂದದ್ದು 2019ರಲ್ಲಿ. ಆ ಪ್ರಶಸ್ತಿಯ ಆಸೆಗೆ ಅವರು ನೀರು ಹೊತ್ತರೆಂದು ಯಾರಾದರೂ ಹೇಳಬಲ್ಲರೆ?

ಒಳಗಿನ ಪ್ರೇರಣೆಯ ಬಲ ಇದು. ಹೊರಗಿನ ಆಮಿಷವು ಕೆಲವೊಮ್ಮೆ ಈ ಬಲವನ್ನೇ ಕುಂದಿಸುವುದುಂಟು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಸಾಕ್ಷಿ. ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆನಂದಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಕೊಡುವೆವೆಂದು ಮೊದಲೇ ಹೇಳಿದರು. ಬಹುಮಾನವೇನೋ ಸಂದಿತು, ಆದರೆ ಕೆಲವು ದಿನಗಳ ಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಉಳಿದವರಿಗಿಂತ ಕಡಮೆ ಬರೆದರು. ಹೇಳದೆ ಬಹುಮಾನ ಕೊಟ್ಟ ಮಕ್ಕಳ ಉತ್ಸಾಹಕ್ಕೆ ಮಾತ್ರ ಕುಂದು ಬರಲಿಲ್ಲ.

ಪಾಠ ಓದಿದರೆ ಮಿಠಾಯಿ, ಮೊದಲ ದರ್ಜೆ ಬಂದರೆ ಸೈಕಲ್ಲು ಎಂದು ಮಕ್ಕಳೊಡನೆ ವ್ಯಾಪಾರ ಹೂಡುವ ತಂದೆತಾಯಿಗಳು ಇದನ್ನು ನೆನೆಯಬೇಕು. ಕೂಲಿ ಕೀಳೆಂದಲ್ಲ, ತಿಮ್ಮಕ್ಕನವರೂ ಹೊಟ್ಟೆಗಾಗಿ ಕೂಲಿಯನ್ನೇ ಮಾಡಿದರು. ಆದರೆ ಕೂಲಿಯ ಕೆಲಸ ಹೊತ್ತು ಮುಳುಗುವಾಗ ಮುಗಿಯುತ್ತಿತ್ತು. ಸಸಿಯ ಕೆಲಸ ಮುಗಿಯಲಿಲ್ಲ. 2025ರಲ್ಲಿ ಆಕೆ ಕಣ್ಮುಚ್ಚಿದರು. ಮಗುವಿಗೆ ಬಹುಮಾನ ತೋರಿಸುವ ಮುನ್ನ, ಅದು ಯಾವ ಸಸಿಗೆ ತಾನಾಗಿಯೇ ನೀರು ಹೊರುತ್ತಿದೆಯೆಂದು ಒಮ್ಮೆ ನೋಡುವುದು ಒಳಿತು.