ಹೊಳೆಯ ಬಣ್ಣ

ನಲ್ಲಿಯ ಕೆಳಗೆ ಬಕೆಟ್ಟಿಟ್ಟು ಕಾಯುವುದನ್ನೇ ಜಲವಿಹಾರವೆಂದು ತಿಳಿದು ಬೆಳೆದ ಮಗನಿಗೆ ಹೊಳೆಯ ಸ್ನಾನದ ಸುಖವನ್ನು ತೋರಿಸಬೇಕೆಂಬ ಹಂಬಲದಿಂದ ಮೇ ತಿಂಗಳ ಕೊನೆಯಲ್ಲಿ ನಾವು ಸಕಲೇಶಪುರಕ್ಕೆ ಹೋಗಿದ್ದೆವು.

ಬೆಳಿಗ್ಗೆ ಮಂಜರಾಬಾದಿನ ಕೋಟೆಯನ್ನು ಹತ್ತಿದೆವು. 1792ರಲ್ಲಿ ಟೀಪು ಸುಲ್ತಾನನು ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯಿದು. ಗೋಡೆಯ ಮೇಲೆ ನಿಂತರೆ ಪಡುವಲಿಗೆ ಒಂದರ ಹಿಂದೊಂದು ಬೆಟ್ಟ. ಆ ಬೆಟ್ಟಸಾಲಿನ ನೆತ್ತಿಯೇ ಮಳೆಯ ಹಣೆಬರಹವನ್ನು ಬರೆಯುತ್ತದೆ. ಆಚೆ ಬಿದ್ದದ್ದು ಎತ್ತಿನಹೊಳೆ, ಕೆಂಪುಹೊಳೆಗಳಾಗಿ ಕಡೆಗೆ ನೇತ್ರಾವತಿಯೊಡನೆ ಅರಬ್ಬೀ ಸಮುದ್ರಕ್ಕೆ. ಈಚೆ ಬಿದ್ದದ್ದು ಹೇಮಾವತಿಯಾಗಿ, ಕಾವೇರಿಯನ್ನು ಕೂಡಿ, ಬಂಗಾಳ ಕೊಲ್ಲಿಗೆ. (ಎತ್ತಿನಹೊಳೆಯ ನೀರನ್ನು ಮೂಡಲಿಗೆ ಎತ್ತುವ ಯೋಜನೆಯ ಮೊದಲ ಹಂತವನ್ನು 2024ರಲ್ಲಿ ಉದ್ಘಾಟಿಸಿದ್ದಾರೆ. ಹಣೆಬರಹವನ್ನು ತಿದ್ದುವ ಈ ಸಾಹಸದ ಮಾತು ಇನ್ನೊಮ್ಮೆ ಆದೀತು.)

ಮಧ್ಯಾಹ್ನ ಊರಿನಿಂದ ಮೇಲಕ್ಕೆ, ಕಾಫಿ ತೋಟವೊಂದರ ಅಂಚಿನಲ್ಲಿ, ಹೇಮಾವತಿಗೆ ಇಳಿದೆವು. ತಳದ ಕಲ್ಲುಗಳನ್ನು ಎಣಿಸಬಹುದಾದಷ್ಟು ತಿಳಿಯಾದ ನೀರು. ಎಂಟು ವರ್ಷದ ಮಗನನ್ನು ನಡುವಿನ ಬಂಡೆಯ ಮೇಲೆ ಕೂರಿಸಿ, ಬಾಲ್ಯದಲ್ಲಿ ಕಲಿತ ಈಜನ್ನು ಅವನೆದುರು ಪ್ರದರ್ಶಿಸತೊಡಗಿದೆ. ನನ್ನಾಕೆ ದಡದಲ್ಲಿ ಬುತ್ತಿ ಬಿಚ್ಚುತ್ತಿದ್ದಳು.

ತೋಟದಿಂದ ಇಳಿದುಬಂದ ಮುದುಕನೊಬ್ಬನು ಕೂಗಿ ಹೇಳಿದ:

"ಸ್ವಾಮಿ, ಮಗೂನ ಎತ್ಕೊಂಡು ದಡ ಹತ್ತಿ."

"ಏಕಜ್ಜ? ಬಿಸಿಲು ಇಷ್ಟು ಚೆನ್ನಾಗಿದೆಯಲ್ಲ!"

"ಬಿಸಿಲು ಇಲ್ಲಿ. ಹೊಳೆ ಬರೋದು ಮೂಡಿಗೆರೆ ಕಡೆಯಿಂದ. ನೀರಿನ ಬಣ್ಣ ನೋಡಿ."

ನೋಡಿದೆ. ತರಗೆಲೆ, ಕಡ್ಡಿಗಳು ತೇಲಿ ಬರುತ್ತಿದ್ದವು. ಎಣಿಸಿದ್ದ ಕಲ್ಲುಗಳು ಕಾಣಲಿಲ್ಲ. ನೀರು ಕಾಫಿಗೆ ಹಾಲು ಬೆರೆಸಿದಂತೆ ಕದಡಿತ್ತು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಬಲ್ಲಾಳರಾಯನ ದುರ್ಗದ ಸೀಮೆಯಲ್ಲಿ ಎಂಬುದನ್ನು ನಾನು ಓದಿ ಬಲ್ಲೆ. ಅಲ್ಲಿ ಗುಡುಗಿದರೆ ಇಲ್ಲಿ ಓಡಬೇಕೆಂಬುದು ಮಾತ್ರ ಹೊಳೆದಿರಲಿಲ್ಲ.

ಮಗನನ್ನು ಹೆಗಲಿಗೇರಿಸಿ ಹೊರಟೆ. ಹೋಗುವಾಗ ಮೊಣಕಾಲಿಗಿದ್ದ ನೀರು ಬರುವಾಗ ಸೊಂಟವನ್ನು ತಳ್ಳುತ್ತಿತ್ತು. ಎರಡು ಬಾರಿ ಕಾಲು ಜಾರಿತು. ಮುದುಕ ತನ್ನ ಕೋಲನ್ನು ಚಾಚಿದ. ಅದನ್ನು ಹಿಡಿದು ದಡ ಸೇರಿದೆ. ತಿರುಗಿ ನೋಡುವಷ್ಟರಲ್ಲಿ ಬಂಡೆ ಮುಳುಗಿತ್ತು.

ಮುದುಕನಿಗೆ ಹಣ ಕೊಡಹೋದೆ. ಆತ ಬೇಡವೆಂದು, ಬುತ್ತಿಯಿಂದ ಒಂದು ಕಡುಬನ್ನು ಮಾತ್ರ ತೆಗೆದುಕೊಂಡು ತೋಟಕ್ಕೆ ಮರಳಿದ. ನನ್ನಾಕೆ ಸಂಜೆಯವರೆಗೆ ನನ್ನೊಡನೆ ಮಾತನಾಡಲಿಲ್ಲ.

ಮಗನ ಒಂದು ಚಪ್ಪಲಿ ಹೊಳೆಯ ಪಾಲಾಗಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ರಾತ್ರಿ ಕೇಳಿದ. ಗೊರೂರಿನ ಅಣೆಕಟ್ಟಿನ ಹಿನ್ನೀರಿಗೆ, ಎಂದೆ. ಮಾರನೆಯ ದಿನ ಬಸ್ಸು ಆಲೂರನ್ನು ದಾಟುವಾಗ ಅಲ್ಲಿಯೇ ಇಳಿದು ಹುಡುಕೋಣವೆಂದು ಹಟ ಹಿಡಿದ. ಬಸ್ಸು ನಿಲ್ಲುವುದಿಲ್ಲವೆಂದು ಸುಳ್ಳು ಹೇಳಿದೆ.